ಒಳ್ಳೆಯ ಬೇಕರಿ ಬೇಕಾ? ಮೊದಲು ಅಲ್ಲಿನ ಸಾದಾ ಬ್ರೆಡ್ ತಿಂದು ನೋಡಿ

ಹೊಸ ಏರಿಯಾಗೆ ಮನೆ ಬದಲಾಯಿಸಿದವರೆಲ್ಲ ಕೇಳುವ ಪ್ರಶ್ನೆ ಒಂದಿದೆ. "ಇಲ್ಲಿ ಒಳ್ಳೆ ಬೇಕರಿ ಯಾವುದು?" ಉತ್ತರವಾಗಿ ಬರುವುದು ಬರೀ ಕೇಕ್ ಫೋಟೋಗಳು. ಮೂರು ಅಂತಸ್ತು, ಸಕ್ಕರೆ ಹೂವು, ಮಿರಿಮಿರಿ ಮಿಂಚುವ ಚಾಕೊಲೇಟ್. ಫೋಟೋ ನೋಡಿ ಬೇಕರಿ ಆರಿಸುವುದರಲ್ಲಿ ನನಗೆ ನಂಬಿಕೆ ಇಲ್ಲ. ಅಲಂಕಾರ ಮಾಡುವವರ ಕೈ ಚೆನ್ನಾಗಿದೆ ಅಂತ ಗೊತ್ತಾಗುತ್ತದೆ, ಅಷ್ಟೇ. ಕೇಕ್ ಒಳಗೆ ಒಣಗಿದೆಯೋ, ಅದಕ್ಕೆ ಹಾಕಿರುವುದು ಬೆಣ್ಣೆಯೋ ವನಸ್ಪತಿಯೋ, ಯಾವತ್ತು ಮಾಡಿದ್ದು, ಇದ್ಯಾವುದೂ ಫೋಟೋದಲ್ಲಿ ಕಾಣುವುದಿಲ್ಲ ಅಲ್ವಾ?

ನಾನು ಹೇಳುವುದು ಇಷ್ಟು. ಆ ಅಂಗಡಿಯಲ್ಲಿ ಎಲ್ಲಕ್ಕಿಂತ ಸಾದಾ ಯಾವುದಿದೆಯೋ ಅದನ್ನು ಮೊದಲು ಕೊಳ್ಳಿ. ಏನೂ ಸೇರಿಸದ ಒಂದು ಬ್ರೆಡ್, ಕ್ರೀಮ್ ಇಲ್ಲದ ಒಂದು ತುಂಡು ಕೇಕ್. ಅಲ್ಲಿ ತಪ್ಪು ಮುಚ್ಚಲು ಸಿರಪ್ಪೂ ಇಲ್ಲ, ಐಸಿಂಗೂ ಇಲ್ಲ.

ಬ್ರೆಡ್ಡಿಗೆ ಬೇಕಾಗುವುದು ಹಿಟ್ಟು, ನೀರು, ಯೀಸ್ಟ್, ಉಪ್ಪು. ಇಷ್ಟೇ ಸಾಮಾನಿನಲ್ಲಿ ಒಬ್ಬರದು ಘಮಘಮ ಅನ್ನುತ್ತದೆ, ಇನ್ನೊಬ್ಬರದು ಸಪ್ಪೆ. ವ್ಯತ್ಯಾಸ ಹೆಚ್ಚಾಗಿ ಸಮಯದ್ದು. ಯೀಸ್ಟ್ ಹಿಟ್ಟಿನಲ್ಲಿರುವ ಸಕ್ಕರೆ ತಿಂದು ಗಾಳಿ ಬಿಡುತ್ತದೆ, ಹಿಟ್ಟು ಉಬ್ಬುತ್ತದೆ, ಅದು ಬೇಗ ಆಗುವ ಕೆಲಸ. ರುಚಿ ಕೊಡುವ ಹುಳಿ, ಪರಿಮಳ ಇವೆಲ್ಲ ನಿಧಾನಕ್ಕೆ ಹುಟ್ಟುತ್ತವೆ. 1961ರಲ್ಲಿ ಇಂಗ್ಲೆಂಡಿನ ಚಾರ್ಲಿವುಡ್‌ನಲ್ಲಿ ಒಂದು ವಿಧಾನ ಕಂಡುಹಿಡಿದರು. ಮೆಷಿನ್ನಿನಲ್ಲಿ ಹಿಟ್ಟನ್ನು ಜೋರಾಗಿ ಕಲಸಿದರೆ ಗಂಟೆಗಟ್ಟಲೆ ಹುದುಗಲು ಬಿಡಬೇಕಾಗಿಯೇ ಇಲ್ಲ. ಬ್ರೆಡ್ ಅಗ್ಗವಾಯಿತು, ಎಲ್ಲರಿಗೂ ಸಿಕ್ಕಿತು, ಅದು ಸಣ್ಣ ವಿಷಯವಲ್ಲ. ಆದರೆ ರುಚಿ ಹೋಯಿತು. ಹತ್ತಿರದ ಸಣ್ಣ ಬೇಕರಿಗೆ ಹೋಗುವುದೇ ಆ ಹೋದ ರುಚಿಗಾಗಿ.

ಮನೆಗೆ ತಂದ ಮೇಲೆ ಒಂದು ಸ್ಲೈಸ್ ಕೈಯಲ್ಲಿ ಹಿಡಿದು ನಡುವೆ ಬೆರಳಿನಿಂದ ಮೆತ್ತಗೆ ಒತ್ತಿ. ಚೆನ್ನಾಗಿ ಬೆಂದಿದ್ದರೆ ಮತ್ತೆ ಮೇಲೇಳುತ್ತದೆ. ಒತ್ತಿದ ಕಡೆ ಅಲ್ಲೇ ಮುದ್ದೆಯಾಗಿ ಕೂತರೆ ಹಸಿ ಉಳಿದಿದೆ ಅಂತ. ಮೂಗಿನ ಹತ್ತಿರ ಹಿಡಿಯಿರಿ. ಹಸಿ ಯೀಸ್ಟ್ ವಾಸನೆ ಗಪ್ಪಂತ ಬಂದರೆ ಅವಸರದಲ್ಲಿ ಜಾಸ್ತಿ ಯೀಸ್ಟ್ ಹಾಕಿ ಉಬ್ಬಿಸಿರಬಹುದು. ಆಮೇಲೆ ಬ್ರೆಡ್ಡಿನ ತಳ ತಿರುಗಿಸಿ ನೋಡಿ, ಇದನ್ನು ಯಾರೂ ನೋಡುವುದೇ ಇಲ್ಲ. ತಳವೂ ಕಂದು ಬಣ್ಣಕ್ಕೆ ತಿರುಗಿರಬೇಕು. ಆ ಕಂದು ಬಣ್ಣ, ಆ ಘಮ ಎರಡೂ ಬರುವುದು ಹೆಚ್ಚಾಗಿ 140 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿಯ ಹೆಸರಿನಿಂದಲೇ ಇದಕ್ಕೆ ಮೈಲಾರ್ಡ್ ಕ್ರಿಯೆ ಅನ್ನುತ್ತಾರೆ. ಬಿಳಿಚಿಕೊಂಡ ಬ್ರೆಡ್ಡಿನಲ್ಲಿ ಅರ್ಧ ರುಚಿ ಬಂದೇ ಇರುವುದಿಲ್ಲ.

ಬ್ರೌನ್ ಬ್ರೆಡ್ ತೆಗೆದುಕೊಳ್ಳುವವರಿಗೆ ಒಂದು ಮಾತು. ಬಣ್ಣ ನೋಡಿ ಗೋಧಿ ಅಂದುಕೊಳ್ಳಬೇಡಿ, ಕ್ಯಾರಮೆಲ್ ಹಾಕಿದರೆ ಮೈದಾ ಬ್ರೆಡ್ಡೂ ಕಂದಾಗುತ್ತದೆ. ಕವರ್ ಮೇಲೆ ಸಾಮಾನು ಬರೆಯುವಾಗ ಜಾಸ್ತಿ ಇರುವುದನ್ನು ಮೊದಲು ಬರೆಯುತ್ತಾರೆ. ಮೊದಲ ಹೆಸರು ಮೈದಾ ಇದ್ದರೆ ಅದು ಮೈದಾ ಬ್ರೆಡ್ಡೇ.

ಪೇಸ್ಟ್ರಿ ವಿಷಯದಲ್ಲಿ ನಾನು ಕ್ರೊಸಾಂಟ್, ಅಂದರೆ ಬೆಣ್ಣೆ ಹಾಕಿ ಪದರ ಪದರವಾಗಿ ಮಾಡುವ ತಿನಿಸು, ನೋಡುತ್ತೇನೆ, ಯಾಕೆಂದರೆ ಅದು ತುಂಬಾ ಕಷ್ಟದ ಕೆಲಸ. ಹಿಟ್ಟಿನ ನಡುವೆ ಬೆಣ್ಣೆ ಇಟ್ಟು ಲಟ್ಟಿಸಿ ಮೂರು ಮಡಿಕೆ ಮಾಡಿ, ಮತ್ತೆ ಲಟ್ಟಿಸಿ ಮತ್ತೆ ಮಡಚಿ, ಹೀಗೆ ಮೂರು ಸಲ ಮಾಡಿದರೆ ಬೆಣ್ಣೆಯದೇ 27 ಪದರ ಆಗುತ್ತದೆ. ನಡುನಡುವೆ ತಣ್ಣಗೆ ಇಡಬೇಕು, ಬೆಣ್ಣೆ ಕರಗಿದರೆ ಪದರವೆಲ್ಲ ಒಂದಾಗಿಬಿಡುತ್ತದೆ. ಓವನ್ನಿನಲ್ಲಿ ಬೆಣ್ಣೆಯ ನೀರು, ಹಿಟ್ಟಿನ ನೀರು ಆವಿಯಾಗಿ ಪದರಗಳನ್ನು ಎತ್ತುತ್ತದೆ. ಅಡ್ಡ ಕತ್ತರಿಸಿದರೆ ಒಳಗೆ ಜೇನುಗೂಡಿನ ಹಾಗೆ ತೂತು ತೂತು ಕಾಣಬೇಕು. ಬೆಣ್ಣೆಯೋ, ಅದರ ಬದಲಿಗೆ ಹಾಕುವ ಎಣ್ಣೆಯಿಂದ ಮಾಡಿದ ಮಾರ್ಜರೀನೋ ಅಂತ ಕಂಡುಹಿಡಿಯಲು ನಾಲಿಗೆ ಸಾಕು. ಬೆಣ್ಣೆ ಮೈ ಬಿಸಿಗಿಂತ ಕಡಿಮೆ ಬಿಸಿಗೇ ಕರಗುತ್ತದೆ, ಬಾಯಿ ಹಗುರ. ಪೇಸ್ಟ್ರಿಗೆ ಬಳಸುವ ಮಾರ್ಜರೀನ್ ಅಷ್ಟು ಸುಲಭಕ್ಕೆ ಕರಗುವುದಿಲ್ಲ, ತಿಂದ ಮೇಲೂ ಅಂಗುಳಕ್ಕೆ ಜಿಡ್ಡು ಮೆತ್ತಿಕೊಂಡಿರುತ್ತದೆ.

ಕೇಕ್ ಬಗ್ಗೆ ಬೇಕರಿಯವರ ಪರವಾಗಿಯೂ ಹೇಳಬೇಕು. ಬೆಣ್ಣೆ ಹಾಕಿದ ಕೇಕನ್ನು ಫ್ರಿಡ್ಜಿನಿಂದ ತೆಗೆದ ತಕ್ಷಣ ತಿಂದು "ಗಟ್ಟಿ ಇದೆ, ಒಣಕಲು" ಅಂತ ರಿವ್ಯೂ ಬರೆಯುವವರು ತುಂಬಾ ಜನ. ತಣ್ಣಗಾದರೆ ಬೆಣ್ಣೆ ಗಟ್ಟಿಯಾಗಲೇಬೇಕು. ಸ್ವಲ್ಪ ಹೊತ್ತು ಹೊರಗಿಟ್ಟು ತಿನ್ನಿ, ಆಮೇಲೆ ಹೇಳಿ. ಬ್ರೆಡ್ಡೂ ಹಾಗೆಯೇ. ಫ್ರಿಡ್ಜಿನಲ್ಲಿಟ್ಟರೆ ಹೊರಗಿಟ್ಟದ್ದಕ್ಕಿಂತ ಬೇಗ ಗಟ್ಟಿಯಾಗುತ್ತದೆ, ಆ ತಂಪಿಗೆ ಬ್ರೆಡ್ಡಿನ ಪಿಷ್ಟ ಬೇಗ ಬಿಗಿಯುತ್ತದೆ. ಉಳಿದರೆ ಸ್ಲೈಸ್ ಮಾಡಿ ಫ್ರೀಜರಿನಲ್ಲಿ ಇಡಿ. ಪ್ರಿಸರ್ವೇಟಿವ್ ಹಾಕದ ಬ್ರೆಡ್ ಬೇಗ ಕೆಟ್ಟರೆ ಅದಕ್ಕೆ ಬೇಕರಿಯವರನ್ನು ಬೈಯಬೇಡಿ.

ಇಷ್ಟೆಲ್ಲ ಪರೀಕ್ಷೆ ಬೇಡ ಅಂದರೆ ಒಂದು ಪ್ರಶ್ನೆ ಕೇಳಿ: "ಬ್ರೆಡ್ ಓವನ್ನಿನಿಂದ ಎಷ್ಟು ಗಂಟೆಗೆ ಹೊರಗೆ ಬರುತ್ತದೆ?" ಅಲ್ಲೇ ಬೇಯಿಸುವವರು ತಟ್ಟನೆ ಹೇಳುತ್ತಾರೆ, ಖುಷಿಯಿಂದ ಹೇಳುತ್ತಾರೆ. ತಡವರಿಸಿದರೆ ಎಲ್ಲಿಂದಲೋ ಬರುತ್ತಿರಬಹುದು, ಇಲ್ಲವೇ ಫ್ರೀಜ್ ಮಾಡಿದ ಹಿಟ್ಟನ್ನು ತಂದು ಬಿಸಿ ಮಾಡುತ್ತಿರಬಹುದು. ಹಾಗೆ ಮಾಡುವುದು ಅಪರಾಧವಲ್ಲ, ಆದರೆ ಕೊಳ್ಳುವವರಿಗೆ ಗೊತ್ತಿರಬೇಕು. ಫ್ರಾನ್ಸಿನಲ್ಲಿ ಇದಕ್ಕೆ 1998ರಿಂದ ಕಾನೂನೇ ಇದೆ. ಹಿಟ್ಟು ನಾದುವುದರಿಂದ ಬೇಯಿಸುವವರೆಗೆ ತಾವೇ ಮಾಡಿ, ಎಲ್ಲೂ ಫ್ರೀಜ್ ಮಾಡದೆ ಮಾರುವವರಷ್ಟೇ ಬ್ರೆಡ್ ಅಂಗಡಿ ಅಂತ ಬೋರ್ಡ್ ಹಾಕಬಹುದು. ಅಂಥ ಕಾನೂನು ಇಲ್ಲದ ಕಡೆ ಬಾಯಿಬಿಟ್ಟು ಕೇಳಬೇಕು, ಬೇರೆ ದಾರಿ ಇಲ್ಲ.

ಕೊನೆಗೆ ಒಂದು ದೂರು. ಒಳ್ಳೆಯ ಸಣ್ಣ ಬೇಕರಿಗಳಿಗೆ "ಸಂಜೆ ಹೋದರೆ ಏನೂ ಇರಲ್ಲ" ಅಂತ ಸುಮ್ನೆ ಒಂದು ಸ್ಟಾರ್ ಕೊಡುತ್ತಾರೆ. ನನಗೆ ಬೇಜಾರಾಗುವುದು ಇಲ್ಲೇ. ಅಷ್ಟಷ್ಟೇ ಮಾಡಿ ಅವತ್ತೇ ಖಾಲಿ ಮಾಡುವವರ ಹತ್ತಿರ ನಿನ್ನೆಯ ಮಾಲು ಇರುವುದಿಲ್ಲ. ಬೆಳಿಗ್ಗೆ ಹೋಗಲು ಆಗದಿದ್ದರೆ ಹಿಂದಿನ ದಿನವೇ ಹೇಳಿಡಿ, ಕೇಳಿದರೆ ಎಷ್ಟೋ ಕಡೆ ಒಂದು ಬ್ರೆಡ್ ಎತ್ತಿಡುತ್ತಾರೆ.