ಊಟದ ಕೈ

"ಬಲಗೈ, ಬಲಗೈ" ಅಂತ ಮೂರು ಜನ ಒಟ್ಟಿಗೆ ಪಿಸುಗುಟ್ಟಿದರೆ ನನಗೆ ತಲೆಯೇ ಓಡುವುದಿಲ್ಲ. ಕಳೆದ ಮಂಗಳವಾರ ಕುಣಿತದ ಕ್ಲಾಸಿನಲ್ಲಿ ಎಡಗೈ ಚಾಚಿಬಿಟ್ಟೆ. ಎದುರಿಗಿದ್ದ ಅಜ್ಜ ಬಲಗೈ ಚಾಚಿದ್ದರು. ಎರಡೂ ಗಂಟುಬಿದ್ದು, ಹಿಂದಿನ ಜೋಡಿ ನಮ್ಮ ಮೇಲೇ ಬಂದು, ಇಡೀ ಸಾಲು ಸಂತೆ ದಿನದ ಬಸ್ ಸ್ಟ್ಯಾಂಡಿನ ಹಾಗಾಯಿತು. ಅಕಾರ್ಡಿಯನ್ ಮಾತ್ರ ನಿಲ್ಲಲಿಲ್ಲ. ಅದು ರೆಕಾರ್ಡಿಂಗ್, ಅದಕ್ಕೇನು ಗೊತ್ತು ನಮ್ಮ ಕಷ್ಟ?

ಎಡಿನ್‌ಬರೋದ ಒಂದು ಚರ್ಚಿನ ಹಾಲಿನಲ್ಲಿ ನಮ್ಮ ಕುಣಿತ. ಒಂದು ವಾರ ಸ್ಕಾಟಿಷ್, ಒಂದು ವಾರ ಹಳೇ ಇಂಗ್ಲಿಷ್. ಇಂಗ್ಲಿಷ್ ವಾರ ನನ್ನ ಮಂಡಿಗೆ ಹಬ್ಬ, ಹೆಚ್ಚಾಗಿ ನಡಿಗೆಯೇ. ಆದರೆ ಚರ್ಚೆ ಜಾಸ್ತಿ. 1651ರಲ್ಲಿ ಜಾನ್ ಪ್ಲೇಫೋರ್ಡ್ ಅನ್ನುವವನು ಲಂಡನ್ನಿನಲ್ಲಿ 105 ನೃತ್ಯಗಳ ಪುಸ್ತಕ ತಂದ. ಒಂದೊಂದಕ್ಕೂ ನಾಲ್ಕಾರು ಸಾಲು ವಿವರಣೆ. ಅಜ್ಜಿ ಹೇಳುತ್ತಿದ್ದ ಉಪ್ಪಿನಕಾಯಿ ಅಳತೆಯ ಹಾಗೆ, ಗೊತ್ತಿದ್ದವರಿಗೆ ಮಾತ್ರ ಗೊತ್ತು. ಅವನು ಬಿಟ್ಟುಹೋದ ಅರ್ಧ ವಾಕ್ಯಕ್ಕಾಗಿ ಇಲ್ಲಿ ಇವತ್ತಿಗೂ ಟೀ ಆರಿಹೋಗುತ್ತದೆ.

ನನಗೆ ಎಡ ಬಲ ಕಲಿಸಿದ್ದೂ ಅದೇ ಅಜ್ಜಿ, ತೀರ್ಥಹಳ್ಳಿ ಮನೆಯಲ್ಲಿ. ಊಟದ ಕೈ ಬಲ. ಇನ್ನೊಂದು ಕೈಯ ಕೆಲಸ ಬೇರೆ. ಆ ಕೈಯಲ್ಲಿ ದುಡ್ಡು ಕೊಟ್ಟರೆ ಅಂಗಡಿ ಶೆಟ್ಟರು ಮುಟ್ಟುತ್ತಿರಲಿಲ್ಲ. ಒಂದ್ಸಲ ತೀರ್ಥಕ್ಕೆ ಎಡಗೈ ಒಡ್ಡಿ, ಭಟ್ಟರ ಉದ್ಧರಣೆಯಿಂದ ಬೆರಳಿಗೆ ಪೆಟ್ಟು ತಿಂದಿದ್ದೇನೆ. ಆಮೇಲೆ ಮೂವತ್ತು ವರ್ಷ ಈ ಲೆಕ್ಕ ನನಗೆ ಕೈಕೊಡಲಿಲ್ಲ. ಇಲ್ಲಿಗೆ ಬಂದೆ ನೋಡಿ, ಫೋರ್ಕು ಎಡಗೈಗೆ ಬಂತು. ಮನೆಯಲ್ಲಿ ಸಾರನ್ನ ಬಲಗೈ, ಆಫೀಸಿನ ಊಟ ಎಡಗೈ. ಈಗ "ಊಟದ ಕೈ" ಅಂದುಕೊಂಡರೆ ಎರಡೂ ಮೇಲೇಳುತ್ತವೆ. ವಾಚು ನೋಡಿಕೋ ಅಂದರು ಮನೆಯವರು. ವಾಚು ಕಟ್ಟುವುದು ಬಿಟ್ಟು ಯಾವ ಕಾಲವಾಯಿತು! ಬಲಗೈಗೆ ಮಾತ್ರ ಬಳೆ ಹಾಕಿಕೊಂಡು ಹೋದೆ. ಅದು ಒಬ್ಬರ ಸ್ವೆಟರಿಗೆ ಸಿಕ್ಕಿಕೊಂಡು, ಅವರು ಒಂದು ಸುತ್ತು ಜಾಸ್ತಿಯೇ ನನ್ನ ಜೊತೆ ತಿರುಗಬೇಕಾಯಿತು.

ಕಾಲಿನ ವಿಷಯದಲ್ಲಿ ಮಾತ್ರ ಗೆದ್ದಿದ್ದು ಅಜ್ಜಿಯೇ. ಸ್ಕಾಟಿಷ್ ಹೆಜ್ಜೆ ಶುರುವಾಗುವುದೇ ಬಲಗಾಲಿನಿಂದ. ಸೇರೊದ್ದು ಮನೆ ತುಂಬುವ ಸೊಸೆಯ ಹಾಗೆ ನಾನು ಅದೊಂದರಲ್ಲಿ ಇವತ್ತಿನವರೆಗೂ ತಪ್ಪಿಲ್ಲ. ಅದನ್ನು ಯಾರೂ ಹೊಗಳುವುದಿಲ್ಲ, ಬಿಡಿ.

ತಪ್ಪಿದಾಗ ಮಾತ್ರ ಕಲಿಸುವವರು ಒಂದು ಕಥೆ ಹೇಳುತ್ತಾರೆ. 1940ರ ಜೂನ್‌ನಲ್ಲಿ ಸ್ಕಾಟ್ಲೆಂಡಿನ 51ನೇ ಹೈಲ್ಯಾಂಡ್ ಡಿವಿಷನ್ ಫ್ರಾನ್ಸಿನಲ್ಲಿ ಜರ್ಮನ್ನರಿಗೆ ಶರಣಾಯಿತು. ಬವೇರಿಯಾದ ಲೌಫೆನ್ ಶಿಬಿರದಲ್ಲಿ ಸೆರೆಯಾಗಿದ್ದ ಅದರ ಅಧಿಕಾರಿಗಳು ಹೊಸದೊಂದು ರೀಲ್, ಅಂದರೆ ಸ್ಕಾಟಿಷ್ ಕುಣಿತ, ಕಟ್ಟಿದರು. ಜೊತೆಗೆ ಕುಣಿಯಲು ಹೆಂಗಸರಿಲ್ಲ. ಗಂಡಸರೇ ಎರಡೂ ಕಡೆ. ನಡುವೆ ನಾಲ್ವರು ಓರೆಯಾಗಿ ಕೈಹಿಡಿದು ನಿಲ್ಲುತ್ತಾರೆ, ಒಮ್ಮೆ ಈ ಓರೆ, ಒಮ್ಮೆ ಆ ಓರೆ. ಎರಡೂ ಸೇರಿದರೆ ಅವರ ಬಾವುಟದ ಸೇಂಟ್ ಆಂಡ್ರೂ ಶಿಲುಬೆ. ಮೊದಲ ಸಲ ಕೇಳಿದಾಗ ನನ್ನ ಕಣ್ಣು ತೇವವಾಗಿತ್ತು. ಏಳನೇ ಸಲ ಸಿಟ್ಟು ಬಂತು. ಅವರು ಐದು ವರ್ಷ ಸೆರೆಯಲ್ಲಿದ್ದರು, ಸ್ವಾಮಿ. ನನಗಿರುವುದು ವಾರಕ್ಕೆ ಎರಡು ಗಂಟೆ, ಅದರಲ್ಲಿ ಇಪ್ಪತ್ತು ನಿಮಿಷ ಟೀ. ಈ ಮಾತು ಬಾಯಿಬಿಟ್ಟು ಆಡುವಂಥದ್ದಲ್ಲ, ಗೊತ್ತು.

ಕೈ ತಪ್ಪುವುದರ ಬಗ್ಗೆ ಏನೋ ಒಂದು ಗಹನವಾದದ್ದು ಹೊಳೆದಿತ್ತು. ಅದನ್ನು ಹೇಳೋಣ ಅಂತಲೇ ಬರೆಯಲು ಕೂತಿದ್ದು. ಅಷ್ಟರಲ್ಲಿ ಆ ಮಂಗಳವಾರದ ಟೀ ನೆನಪಾಯಿತು. ಗಂಟುಬಿದ್ದಿದ್ದ ಅಜ್ಜ ರಾಜಿಗೆ ಬಂದವರ ಹಾಗೆ ಬಿಸ್ಕತ್ತಿನ ತಟ್ಟೆ ಹಿಡಿದು ಬಂದರು. ಬಲಗೈಯಲ್ಲಿ ಕಪ್ಪು, ತಟ್ಟೆ ಎಡಗೈಯಲ್ಲಿ. ತೆಗೆದುಕೊಳ್ಳಲೋ ಬೇಡವೋ ಅಂತ ಒಂದು ಗಳಿಗೆ ನಿಂತೆ. ಅಕಾರ್ಡಿಯನ್ ಮತ್ತೆ ಶುರುವಾಯಿತು.