ಹಣೆಪಟ್ಟಿಗಿಂತ ಮೊದಲು ಬರಹಗಾರನ ಪ್ರಶ್ನೆ

ಹೊಸ ಚಿತ್ರಕಥೆಗಾರರು ಥ್ರಿಲ್ಲರ್, ಪ್ರೇಮಕಥೆ, ಹಾಸ್ಯ ಹೀಗೆ ಒಂದೇ ಪ್ರಕಾರಕ್ಕೆ ಅಂಟಿಕೊಳ್ಳಬೇಕೆಂದು ಲೇಖನವೊಂದರಲ್ಲಿ ಓದಿದ ಸಲಹೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ನಮ್ಮ ಥ್ರಿಲ್ಲರ್ ಮೆಚ್ಚಿದ ನಿರ್ಮಾಪಕರು ಇಂಥದ್ದೇ ಇನ್ನೊಂದಿದೆಯೇ ಎಂದು ಕೇಳಿದಾಗ ಕೈಯಲ್ಲಿ ಪ್ರೇಮಕಥೆಯೊಂದೇ ಇದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ (ನನಗೇ ಹಾಗಾಗಿದೆ). ಆದರೆ ಹಾಸ್ಯ ಪ್ರಹಸನಗಳಿಂದ ಹೆಸರಾಗಿದ್ದ ಅಮೆರಿಕದ ಜೋರ್ಡನ್ ಪೀಲ್, 2017ರಲ್ಲಿ ತೆರೆಕಂಡ ‘ಗೆಟ್ ಔಟ್’ ಎಂಬ ಭಯಾನಕ ಚಿತ್ರವನ್ನು ಬರೆದು ನಿರ್ದೇಶಿಸಿ, ಅದರ ಚಿತ್ರಕಥೆಗೇ ಆಸ್ಕರ್ ಪಡೆದರು. ಪ್ರಕಾರ ಬದಲಾದರೂ ವರ್ಣಭೇದದ ಇರುಸುಮುರುಸನ್ನು ಹತ್ತಿರದಿಂದ ನೋಡುವ ಅವರ ಕಣ್ಣು ಬದಲಾಗಲಿಲ್ಲ. ನನ್ನ ಮೂರು ಕರಡುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದಾಗ, ಮನೆಯವರೆಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿಬಿಡದ ಸುಳ್ಳೊಂದು ಮೂರರಲ್ಲಿಯೂ ಕಂಡಿತು. ಈಗ ನಿರ್ಮಾಪಕರಿಗೆ ನನ್ನನ್ನು ಪರಿಚಯಿಸಿಕೊಳ್ಳುವ ಸಾಲಿನಲ್ಲಿ ಮೊದಲು ಅದನ್ನೇ ಬರೆಯುತ್ತೇನೆ, ಪ್ರಕಾರದ ಹೆಸರು ಆಮೇಲೆ ಬರುತ್ತದೆ.