ನೀರಿನ ಫಿಲ್ಟರಿನ ಹಳೇ ಕಾರ್ಟ್ರಿಡ್ಜ್ ಬಚ್ಚಲ ಒಲೆಗೆ ಹಾಕಬೇಡಿ

ಬೋರ್ ನೀರಲ್ಲಿ ಯುರೇನಿಯಂ ಇದೆ ಅಂತ ಯಾರಾದರೂ ಟಿಡಿಎಸ್ ಪೆನ್ (ನೀರಲ್ಲಿ ಕರಗಿದ ಒಟ್ಟು ಲವಣ ಅಳೆಯುವ ಉಪಕರಣ) ಅದ್ದಿ ತೋರಿಸಿದರೆ ನಂಬಬೇಡಿ. ಕುಡಿಯುವ ನೀರಲ್ಲಿ ಯುರೇನಿಯಂಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಿತಿ ಲೀಟರಿಗೆ 30 ಮೈಕ್ರೋಗ್ರಾಂ, ಅಂದರೆ 0.03 ಪಿಪಿಎಂ (ಲೀಟರಿಗೆ ಮಿಲಿಗ್ರಾಂ). ಆ ಪೆನ್ನು ಎಣಿಸುವುದೇ 1 ಪಿಪಿಎಂನಿಂದ. ಕಬ್ಬಿಣದ ಸರಳು ಮುಳುಗಿಸಿ, ಕರೆಂಟ್ ಕೊಟ್ಟು ಕೆಂಪು ಗಸಿ ಎಬ್ಬಿಸುವ ಆಟವೂ ಅಷ್ಟೇ; ಆ ಗಸಿ ಸರಳಿನದೇ ತುಕ್ಕು.

ತುಂಗೆಯ ನಲ್ಲಿ ನೀರು, ಅಬ್ಬಿ ನೀರು ಕುಡಿಯುವವರಿಗೆ ಈ ಚಿಂತೆ ಬಹುತೇಕ ಬೇಡ. ಯುರೇನಿಯಂ ಸೇರುವುದು ಆಳದ ಬಂಡೆ ಬಿರುಕಲ್ಲಿ ಬಹುಕಾಲ ನಿಂತ ನೀರಿಗೆ. ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ಗಳಲ್ಲಿ ಮಿತಿ ಮೀರಿದ್ದು ಸಿಕ್ಕಿದೆ. ನಮ್ಮಲ್ಲೂ ಐನೂರು ಅಡಿ ಕೊರೆಸಿದವರು ಒಮ್ಮೆ ಪರೀಕ್ಷೆ ಮಾಡಿಸಿ. ಪಂಪ್ 15 ನಿಮಿಷ ಓಡಿಸಿ, ಟ್ಯಾಂಕಿನದ್ದಲ್ಲ, ಬೋರಿನ ಬಾಯಿಂದಲೇ ನೀರು ಹಿಡಿದು, ಅತಿ ಸಣ್ಣ ಪ್ರಮಾಣದ ಲೋಹವನ್ನೂ ಅಳೆಯುವ ಐಸಿಪಿ-ಎಂಎಸ್ ಯಂತ್ರ ಇರುವ ಲ್ಯಾಬಿಗೆ ಕೊಡಿ. ಕಾಯಿಸಿದರೆ ಯುರೇನಿಯಂ ಹೋಗಲ್ಲ, ನೀರು ಬತ್ತಿದಷ್ಟೂ ದಟ್ಟವಾಗುತ್ತೆ. ಯುವಿ, ಕ್ಲೋರಿನ್ ಕೆಲಸಕ್ಕೆ ಬಾರವು. ಯುರೇನಿಯಂ ಕ್ಷಯಿಸುತ್ತಾ ಹುಟ್ಟುವ, ವಿಕಿರಣ ಸೂಸುವ ರೇಡಾನ್ ಮಾತ್ರ ಅನಿಲ. ಟ್ಯಾಂಕಿಗೆ ಮೇಲಿಂದ ಚಿಮುಕಿಸಿ ಬಿಟ್ಟು ಗಾಳಿಗೆ ದಾರಿ ಇಟ್ಟರೆ ಬಹುಪಾಲು ಹಾರಿಹೋಗುತ್ತೆ.

ಲೀಟರಿಗೆ 60 ಮೈಕ್ರೋಗ್ರಾಂ ಬಂತು ಅಂತಿಟ್ಟುಕೊಳ್ಳಿ. ಆರ್‌ಒ ಫಿಲ್ಟರ್ ಯುರೇನಿಯಂ ಬೇರ್ಪಡಿಸಿ, ಒಂದು ಕೊಡ ಒಳ್ಳೇ ನೀರಿಗೆ ಮೂರು ಕೊಡ ಹೊರಗೆ ಬಿಟ್ಟರೆ, ಆ ಹೊರಬಿಟ್ಟ ನೀರಲ್ಲಿ ಲೀಟರಿಗೆ ಸುಮಾರು 80 ಮೈಕ್ರೋಗ್ರಾಂ. ‘ನೀರು ಉಳಿಸುವ’ ಮಾದರಿ ಮೂರು ಕೊಟ್ಟು ಒಂದೇ ಬಿಟ್ಟರೆ 240ರ ಹತ್ತಿರ! ಅದನ್ನು ಬಾವಿ ಪಕ್ಕದ ಇಂಗುಗುಂಡಿಗೆ ಬಿಡಬೇಡಿ, ಜಂಬಿಟ್ಟಿಗೆ ನೆಲ ನೀರನ್ನು ಬೇಗ ಇಳಿಸುತ್ತೆ.

ಇನ್ನೊಂದು ದಾರಿ ರೆಸಿನ್, ಅಂದರೆ ನೀರಲ್ಲಿ ಕರಗಿದ್ದನ್ನು ಹಿಡಿದಿಡುವ ಸಣ್ಣ ಪ್ಲಾಸ್ಟಿಕ್ ಮಣಿಗಳು. ಯುರೇನಿಯಂ ಕಾರ್ಬೋನೇಟಿನ ಜೊತೆ ಸೇರಿ ಋಣ ಅಯಾನ್ (ಋಣ ವಿದ್ಯುದಾವೇಶದ ಕಣ) ಆಗಿರುವುದರಿಂದ, ಅಂಥದ್ದನ್ನು ಹಿಡಿಯುವ ಆನಯಾನ್ ರೆಸಿನ್ನೇ ಬೇಕು. ಗಡಸು ನೀರಿನ ಸಾಫ್ಟ್‌ನರ್ ಧನ ಅಯಾನ್ ಆಗಿರುವ ರೇಡಿಯಂ ಹಿಡಿಯುತ್ತೆ, ಯುರೇನಿಯಂ ಬಿಟ್ಟುಬಿಡುತ್ತೆ. ಅದೇ 60 ಮೈಕ್ರೋಗ್ರಾಂನ ನೀರನ್ನು ಅಡುಗೆಮನೆಗೆ ದಿನಕ್ಕೆ 30 ಲೀಟರ್ ಹಾಯಿಸಿದರೆ ರೆಸಿನ್ನಲ್ಲಿ ವರ್ಷಕ್ಕೆ ಸುಮಾರು 0.66 ಗ್ರಾಂ ಯುರೇನಿಯಂ ಕೂಡುತ್ತೆ. ಇಡೀ ಮನೆಗೆ 1000 ಲೀಟರ್ ಹಾಯಿಸಿದರೆ 22 ಗ್ರಾಂ. ಯುರೇನಿಯಂನ ಕೆಡುಕು ಮುಖ್ಯವಾಗಿ ಕಿಡ್ನಿಗೆ, ಅದೂ ಕುಡಿದರೆ. ಸ್ನಾನದ ನೀರಿಗೆ ಯಾಕೆ ಬೇಕು ಈ ರಗಳೆ?

ರೆಸಿನ್ನನ್ನು ಉಪ್ಪುನೀರಲ್ಲಿ ತೊಳೆದು ಮತ್ತೆ ಬಳಸುವ ಮಾದರಿ ಮನೆಗೆ ಬೇಡವೇ ಬೇಡ ಅಂತೀನಿ. ತಿಂಗಳುಗಟ್ಟಲೆ ಹಿಡಿದದ್ದೆಲ್ಲ ಕೆಲವೇ ಬಕೆಟ್ ಉಪ್ಪುನೀರಲ್ಲಿ ಹೊರಬರುತ್ತೆ. ರೆಸಿನ್ ತುಂಬಿದ, ಬದಲಿಸುವ ಕಾರ್ಟ್ರಿಡ್ಜೇ ವಾಸಿ. ಹಳೆಯದನ್ನು ವಾಪಸ್ ಒಯ್ಯುತ್ತೇವೆ ಅಂತ ಕೊಳ್ಳುವಾಗಲೇ ಬಿಲ್ ಮೇಲೆ ಬರೆಸಿಕೊಳ್ಳಿ. ಒಯ್ಯುವವರೆಗೆ ನೀರು ಬಸಿದು, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ. ಬಚ್ಚಲ ಒಲೆಗೆ ಹಾಕಿದಿರೋ, ಪ್ಲಾಸ್ಟಿಕ್ ಉರಿದು ಯುರೇನಿಯಂ ಬೂದಿಯಲ್ಲೇ ಉಳಿಯುತ್ತೆ. ಆ ಬೂದಿ ನಾಳೆ ಅಡಿಕೆ ಮರದ ಬುಡಕ್ಕೆ, ಇಲ್ಲಾ ಪಾತ್ರೆ ತಿಕ್ಕಲಿಕ್ಕೆ.